ಸಹಿಗೆ ಆಯುಷ್ಯವೆಷ್ಟು?

ಕರ್ನಾಟಕದಲ್ಲಿ ಓದಿ ಬೆಳೆದು ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲಿ ಬಹುಮಂದಿ, ಇಲ್ಲಿನ ಅಧ್ಯಕ್ಷರು ಹೊರಡಿಸುವ ಕಾರ್ಯಕಾರಿ ಆದೇಶವನ್ನು ನಮ್ಮ ಸುಗ್ರೀವಾಜ್ಞೆಯ ಇನ್ನೊಂದು ರೂಪವೆಂದೇ ತಿಳಿದಿದ್ದಾರೆ. ಎರಡಕ್ಕೂ ಮೊದಲು ಸದನದ ಚರ್ಚೆ ನಡೆಯುವುದಿಲ್ಲ, ಎರಡೂ ಒಂದು ಸಹಿಯಿಂದ ಜಾರಿಗೆ ಬರುತ್ತವೆ ಎಂಬಷ್ಟರ ಮಟ್ಟಿಗೆ ಈ ಹೋಲಿಕೆ ಸರಿಯೇ. ಆದರೆ ಎರಡರ ಬಲವೂ ಬೇರೆ, ಆಯುಷ್ಯವೂ ಬೇರೆ. ಆದೇಶವೊಂದು ಜನರ ಬದುಕಿನೊಳಗೆ ಎಷ್ಟು ದೂರ ಚಾಚುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಬಲಕ್ಕಿಂತ ಹೆಚ್ಚಾಗಿ ಅದರ ಆಯುಷ್ಯವೇ ಎಂಬುದು ನನ್ನ ಅನಿಸಿಕೆ.

ಬಲದ ಮಟ್ಟಿಗೆ ಸುಗ್ರೀವಾಜ್ಞೆಯದೇ ಮೇಲುಗೈ. ಸಂವಿಧಾನದ 123ನೇ ವಿಧಿಯಡಿ ರಾಷ್ಟ್ರಪತಿಗಳು, 213ನೇ ವಿಧಿಯಡಿ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯ ಮೇರೆಗೆ ಹೊರಡಿಸುವ ಸುಗ್ರೀವಾಜ್ಞೆಗೆ ಶಾಸನದಷ್ಟೇ ಅಧಿಕಾರವಿದೆ. 1969ರ ಜುಲೈ 19ರಂದು, ಸಂಸತ್ತಿನ ಅಧಿವೇಶನಕ್ಕೆ ಎರಡೇ ದಿನ ಉಳಿದಿದ್ದಾಗ, ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯವರು ಹಾಕಿದ ಸಹಿಯಿಂದ ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿದಂತೆ 14 ಬ್ಯಾಂಕುಗಳು ಸರ್ಕಾರದ ಪಾಲಾದವು. ಆದರೂ ಸುಗ್ರೀವಾಜ್ಞೆ ಹುಟ್ಟುವಾಗಲೇ ಅದರ ಕೊನೆಯ ದಿನವೂ ಗೊತ್ತಾಗಿರುತ್ತದೆ. ಸದನ ಮತ್ತೆ ಸೇರಿದಾಗ ಅದನ್ನು ಮಂಡಿಸಲೇಬೇಕು. ಹಾಗೆ ಸೇರಿದ ಆರು ವಾರಗಳೊಳಗೆ ಅದು ಕಾಯ್ದೆಯಾಗದಿದ್ದರೆ ತಾನಾಗಿಯೇ ಬಿದ್ದುಹೋಗುತ್ತದೆ.

ಅಮೆರಿಕದ ಕಾರ್ಯಕಾರಿ ಆದೇಶಕ್ಕೆ ಇಂತಹ ಪ್ರತ್ಯೇಕ ವಿಧಿಯೇ ಇಲ್ಲ. ಕಾರ್ಯಾಂಗದ ಅಧಿಕಾರ ಅಧ್ಯಕ್ಷರಲ್ಲಿದೆ, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ಅವರು ನೋಡಿಕೊಳ್ಳಬೇಕು ಎಂಬ ಸಂವಿಧಾನದ ಮಾತುಗಳ ಮೇಲೆ, ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಆಗಾಗ ಕಾಯ್ದೆಗಳ ಮೂಲಕ ವಹಿಸಿಕೊಟ್ಟ ಅಧಿಕಾರದ ಮೇಲೆ ಅದು ನಿಂತಿದೆ. ಹೊಸ ಕಾನೂನು ಮಾಡುವ ಹಕ್ಕು ಅದಕ್ಕಿಲ್ಲ. ಕೊರಿಯಾ ಯುದ್ಧದ ನಡುವೆ, 1952ರ ಏಪ್ರಿಲ್‌ನಲ್ಲಿ, ಮುಷ್ಕರದ ಭೀತಿಯಿಂದ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಳ್ಳಲು ಅಧ್ಯಕ್ಷ ಟ್ರೂಮನ್ ಆದೇಶಿಸಿದಾಗ, ಸುಪ್ರೀಂ ಕೋರ್ಟ್ ಎರಡೇ ತಿಂಗಳೊಳಗೆ 6–3ರ ಬಹುಮತದಿಂದ ಅದನ್ನು ರದ್ದುಪಡಿಸಿತು. ಅದೇ ಟ್ರೂಮನ್ 1948ರಲ್ಲಿ ಸೇನೆಯೊಳಗಿನ ವರ್ಣಭೇದವನ್ನು ಕೊನೆಗಾಣಿಸಲು ಹೊರಡಿಸಿದ 9981ನೇ ಆದೇಶ ಮಾತ್ರ ಉಳಿಯಿತು, ಏಕೆಂದರೆ ಸೇನೆಯ ದಂಡನಾಯಕತ್ವ ಅಧ್ಯಕ್ಷರದೇ.

ಇಷ್ಟು ದುರ್ಬಲವಾಗಿ ಕಾಣುವ ಈ ಆದೇಶಕ್ಕೆ ಸಾಮಾನ್ಯವಾಗಿ ಕೊನೆಯ ದಿನವಿರುವುದಿಲ್ಲ. ನ್ಯಾಯಾಲಯ ತಡೆಯದಿದ್ದರೆ, ಕಾಂಗ್ರೆಸ್ ಬೇರೆ ಕಾಯ್ದೆ ಮಾಡದಿದ್ದರೆ, ಇನ್ನೊಬ್ಬ ಅಧ್ಯಕ್ಷರು ಹಿಂದೆಗೆದುಕೊಳ್ಳದಿದ್ದರೆ ಅದು ಹಾಗೆಯೇ ಇರುತ್ತದೆ. ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಅಟ್ಟಲು ದಾರಿ ಮಾಡಿದ, 1942ರ ಫೆಬ್ರುವರಿ 19ರ ರೂಸ್‌ವೆಲ್ಟ್ ಆದೇಶವನ್ನು ವಿಧಿವತ್ತಾಗಿ ಕೊನೆಗೊಳಿಸಿದ್ದು ಅಧ್ಯಕ್ಷ ಫೋರ್ಡ್, 1976ರ ಫೆಬ್ರುವರಿ 19ರಂದು. ಯುದ್ಧ ಮುಗಿದು ಮೂರು ದಶಕ ಕಳೆದರೂ ಆ ಕಾಗದವನ್ನು ಯಾವ ಅಧ್ಯಕ್ಷರೂ ಹರಿದುಹಾಕಿರಲಿಲ್ಲ. ತುರ್ತುಸ್ಥಿತಿಯ ಘೋಷಣೆ ಅಧ್ಯಕ್ಷರಿಗೆ ಕಾಯ್ದೆಗಳಲ್ಲಿರುವ ವಿಶೇಷ ಅಧಿಕಾರಗಳನ್ನು ತೆರೆದುಕೊಡುತ್ತದೆ. ಇರಾನ್ ಒತ್ತೆಯಾಳು ಬಿಕ್ಕಟ್ಟಿನ ನಡುವೆ 1979ರ ನವೆಂಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಇಂತಹದೇ ಆದೇಶದಿಂದ ಘೋಷಿಸಿದ ತುರ್ತುಸ್ಥಿತಿಯಂತೂ, ಅವರ ನಂತರ ಬಂದ ಎರಡೂ ಪಕ್ಷಗಳ ಅಧ್ಯಕ್ಷರಿಂದ ವರ್ಷವರ್ಷವೂ ನವೀಕರಣಗೊಳ್ಳುತ್ತ ನಾಲ್ಕು ದಶಕಗಳನ್ನು ದಾಟಿ ಬಂದಿದೆ.

ಇಂತಹ ತುರ್ತುಸ್ಥಿತಿಗಳಿಗೆ ಲಗಾಮು ಹಾಕಲು ಕಾಂಗ್ರೆಸ್ 1976ರಲ್ಲಿ ಕಾಯ್ದೆ ಮಾಡಿತ್ತು. ಎರಡೂ ಸದನಗಳು ನಿರ್ಣಯ ಮಾಡಿದರೆ, ಅಧ್ಯಕ್ಷರ ಸಹಿಯ ಹಂಗಿಲ್ಲದೆ ತುರ್ತುಸ್ಥಿತಿ ಮುಗಿಯುತ್ತದೆ ಎಂಬುದು ಅದರ ತಿರುಳಾಗಿತ್ತು. ಆ ಲಗಾಮು ಸಡಿಲಗೊಂಡ ಕಥೆಯಲ್ಲಿ ಭಾರತೀಯ ಮೂಲದ ವಲಸಿಗರೊಬ್ಬರಿರುವುದು ನಮ್ಮವರಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಕೀನ್ಯಾದಲ್ಲಿ ಹುಟ್ಟಿ ವಿದ್ಯಾರ್ಥಿ ವೀಸಾದ ಮೇಲೆ ಇಲ್ಲಿಗೆ ಬಂದಿದ್ದ ಜಗದೀಶ್ ರಾಯ್ ಚಡ್ಡಾ ಅವರ ಗಡೀಪಾರನ್ನು ವಲಸೆ ಇಲಾಖೆ ಕೈಬಿಟ್ಟಿದ್ದರೂ, ಕಾಂಗ್ರೆಸ್ಸಿನ ಒಂದೇ ಸದನ ಮತ ಹಾಕಿ ಆ ತೀರ್ಮಾನವನ್ನು ತಿರುಗಿಸಿತ್ತು. ಅಧ್ಯಕ್ಷರ ಮುಂದಿಡದೆ ಸದನ ಹೀಗೆ ವೀಟೊ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ತೀರ್ಪಿತ್ತಿತು. ಚಡ್ಡಾ ಅವರಿಗೆ ನ್ಯಾಯ ಸಿಕ್ಕಿತು. ಆದರೆ ಅದೇ ತರ್ಕದಿಂದ 1976ರ ಕಾಯ್ದೆಯ ಹಲ್ಲೂ ಕಿತ್ತುಹೋಯಿತು. ಈಗ ತುರ್ತುಸ್ಥಿತಿಯನ್ನು ಕೊನೆಗೊಳಿಸುವ ನಿರ್ಣಯಕ್ಕೂ, ಅಧಿಕಾರದಲ್ಲಿರುವ ಅಧ್ಯಕ್ಷರದೇ ಸಹಿ ಬೇಕು, ಇಲ್ಲವೇ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. 2019ರಲ್ಲಿ, ಮೆಕ್ಸಿಕೊ ಗಡಿಯಲ್ಲಿ ಗೋಡೆ ಕಟ್ಟಲೆಂದು ಘೋಷಿಸಿದ ತುರ್ತುಸ್ಥಿತಿಯ ವಿರುದ್ಧ ಎರಡೂ ಸದನಗಳು ಮತ ಹಾಕಿದವು, ಅಧ್ಯಕ್ಷ ಟ್ರಂಪ್ ವೀಟೊ ಮಾಡಿದರು, ತುರ್ತುಸ್ಥಿತಿ ಮುಂದುವರಿಯಿತು.

ಈ ವ್ಯವಸ್ಥೆಯ ಬಿಸಿ ನಮ್ಮ ಸಮುದಾಯಕ್ಕೆ ಚೆನ್ನಾಗಿಯೇ ತಟ್ಟಿದೆ. 2025ರ ಸೆಪ್ಟೆಂಬರ್ 19, ಶುಕ್ರವಾರದಂದು ವಿದೇಶಿ ಪರಿಣತರನ್ನು ಇಲ್ಲಿನ ಕಂಪನಿಗಳು ಕೆಲಸಕ್ಕೆ ಕರೆಸಿಕೊಳ್ಳುವ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ, ಆದೇಶದಂತೆಯೇ ಅಧ್ಯಕ್ಷರ ಸಹಿಯೊಂದರಿಂದಲೇ ಹೊರಡುವ ಘೋಷಣೆಗೆ ಸಹಿಯಾಯಿತು. ಅದು ಜಾರಿಗೆ ಬರಬೇಕಾದದ್ದು ಭಾನುವಾರ ಬೆಳಗಾಗುವ ಮೊದಲೇ. ರಜೆಗೆಂದು ಬೆಂಗಳೂರಿಗೆ, ಮೈಸೂರಿಗೆ ಹೋಗಿದ್ದವರು ಕೂಡಲೇ ಮರಳಬೇಕೇ ಎಂದು ತಿಳಿಯದೆ ಪರದಾಡಿದರು. ಹೊಸ ಅರ್ಜಿಗಳಿಗಷ್ಟೇ ಈ ಶುಲ್ಕ, ಈಗಾಗಲೇ ವೀಸಾ ಉಳ್ಳವರಿಗಲ್ಲ ಎಂಬ ಸ್ಪಷ್ಟನೆ ಶನಿವಾರ ಬಂದಿತು. ಎಚ್-1ಬಿ ಪಡೆಯುವವರಲ್ಲಿ ಹತ್ತಕ್ಕೆ ಏಳು ಮಂದಿ ಭಾರತೀಯರೇ ಆಗಿರುವಾಗ, ಸದನದಲ್ಲಿ ಚರ್ಚೆಯಾಗಿದ್ದರೆ ಮೊದಲ ದಿನವೇ ಕೇಳಿಬರುತ್ತಿದ್ದ ಪ್ರಶ್ನೆಗೆ ಉತ್ತರ ಸಹಿಯಾದ ಮರುದಿನ ಸಿಕ್ಕಿತು.

ಇದರ ಪಕ್ಕದಲ್ಲಿ, ಎಚ್-4 ವೀಸಾದ ಮೇಲೆ ಬರುವ ಎಚ್-1ಬಿ ನೌಕರರ ಸಂಗಾತಿಗಳಲ್ಲಿ ಕೆಲವರಿಗೆ ಉದ್ಯೋಗದ ಅನುಮತಿ ನೀಡಿದ 2015ರ ನಿಯಮವನ್ನು ಇಟ್ಟು ನೋಡಬೇಕು. ಅದು ಆದೇಶವಾಗಿ ಬರಲಿಲ್ಲ. ಕರಡು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಪಡೆದು ರೂಪಿಸಿದ ನಿಯಮವಾಗಿ ಬಂದಿತು. ಅದನ್ನು ರದ್ದುಪಡಿಸುವುದಾಗಿ 2017ರಲ್ಲಿ ಟ್ರಂಪ್ ಸರ್ಕಾರ ಹೇಳಿತು, ಆದರೆ ರದ್ದತಿಗೂ ಅದೇ ದೀರ್ಘ ಹಾದಿಯನ್ನು ತುಳಿಯಬೇಕಾಗಿದ್ದುದರಿಂದ ಆ ಅವಧಿ ಮುಗಿಯುವವರೆಗೂ ಅದು ಕೈಗೂಡಲಿಲ್ಲ. ಎಷ್ಟೋ ಕನ್ನಡ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವಂತಾಗಿರುವುದು ಆ ನಿಧಾನದ ದಾರಿಯ ದೆಸೆಯಿಂದ. ಬೇಗ ಬಂದ ಅನುಕೂಲ ಬೇಗ ಹೋಗುತ್ತದೆ ಎಂಬುದನ್ನು, ತಮ್ಮ ಪಕ್ಷದ ಅಧ್ಯಕ್ಷರ ಆದೇಶಗಳಿಗೆ ಚಪ್ಪಾಳೆ ತಟ್ಟುವವರು ಏಕೆ ನೆನೆಯುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಒಬ್ಬ ಅಧ್ಯಕ್ಷರ ಸಹಿಯಿಂದ ಸೇರಿದ ಅಮೆರಿಕ, ಮುಂದಿನವರ ಸಹಿಯಿಂದ ಹೊರಬಂದು, ಅವರ ನಂತರದವರ ಸಹಿಯಿಂದ ಮತ್ತೆ ಸೇರಿ, 2025ರ ಜನವರಿಯ ಸಹಿಯಿಂದ ಮತ್ತೊಮ್ಮೆ ಹೊರಗೆ ಹೆಜ್ಜೆ ಇಟ್ಟಿತು.

ಹಾಗೆಂದು ನಮ್ಮ ಪದ್ಧತಿ ನಿಷ್ಕಳಂಕವೇನಲ್ಲ. ಬಿಹಾರ ಸರ್ಕಾರ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿತ್ತು. ಅವುಗಳಲ್ಲಿ ಕೆಲವನ್ನು ಸದನಕ್ಕೆ ತಾರದೆ, ಮತ್ತೆ ಮತ್ತೆ ಹೊರಡಿಸಿ ವರ್ಷಗಟ್ಟಲೆ ಜೀವಂತವಾಗಿಟ್ಟಿತ್ತು. 1986ರಲ್ಲಿ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಂಡಿಸಿತು. 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇದು ಸಂವಿಧಾನಕ್ಕೆ ಎಸಗುವ ವಂಚನೆ ಎಂದಿತು. ನಿಯಮವನ್ನು ಮುರಿದಾಗ ಮುರಿದದ್ದೇನೆಂದು ತೋರಿಸಲು ಅಲ್ಲಿ ಒಂದು ಗಡುವಾದರೂ ಇತ್ತು. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕರ್ನಾಟಕ ಸರ್ಕಾರದ ಸುಗ್ರೀವಾಜ್ಞೆಯನ್ನು 2024ರ ಆರಂಭದಲ್ಲಿ ರಾಜ್ಯಪಾಲರು ಅಂಕಿತ ಹಾಕದೆ ಹಿಂದಿರುಗಿಸಿ, ಸದನಕ್ಕೇ ತನ್ನಿ ಎಂದಾಗ ಬೇಸರಪಟ್ಟವರು ಬಹಳ. ಫೆಬ್ರುವರಿಯಲ್ಲಿ ಅದು ಮಸೂದೆಯಾಗಿ ಅಂಗೀಕಾರವಾಯಿತು. ರಾಜ್ಯಪಾಲರ ಉದ್ದೇಶವೇನೇ ಇರಲಿ, ಸದನ ಒಪ್ಪಿದ ಕನ್ನಡದ ಕಾಯ್ದೆಯನ್ನು ನಾಳೆ ಯಾರೂ ಬರೀ ಒಂದು ಸಹಿಯಿಂದ ಶಾಶ್ವತವಾಗಿ ಅಳಿಸಿಹಾಕಲಾರರು ಎಂಬುದು ನನಗೆ ಸಮಾಧಾನದ ಸಂಗತಿ.

ಅಮೆರಿಕ ನಮ್ಮಿಂದ ಪಡೆಯಬಹುದಾದದ್ದು ಆ ಆರು ವಾರಗಳ ಗಡುವು. ಸೆನೆಟರ್ ಮೈಕ್ ಲೀ 2019ರಲ್ಲಿ ಮಂಡಿಸಿದ ಮಸೂದೆಯೊಂದು, ಕಾಂಗ್ರೆಸ್ 30 ದಿನಗಳೊಳಗೆ ಒಪ್ಪದಿದ್ದರೆ ತುರ್ತುಸ್ಥಿತಿ ತಾನಾಗಿ ಮುಗಿಯಬೇಕೆಂದು ಹೇಳುತ್ತಿತ್ತು, ಅದು ಕಾಯ್ದೆಯಾಗಲಿಲ್ಲ. ಆಗಿದ್ದರೂ ವೀಸಾದವರಿಗೆ ಅದರಿಂದ ನೆರವಾಗುತ್ತಿರಲಿಲ್ಲ. ಎಚ್-1ಬಿ ಘೋಷಣೆಯ ಬೇರು ಇರುವುದು, ವಿದೇಶೀಯರ ಪ್ರವೇಶವನ್ನು ದೇಶಹಿತದ ಹೆಸರಿನಲ್ಲಿ ತಡೆಯಲು ಅಧ್ಯಕ್ಷರಿಗೆ ಅಧಿಕಾರ ಕೊಟ್ಟ 1952ರ ವಲಸೆ ಕಾಯ್ದೆಯಲ್ಲಿ. ಕೆಲವು ದೇಶಗಳವರು ಅಮೆರಿಕಕ್ಕೆ ಬರದಂತೆ ಅಧ್ಯಕ್ಷ ಟ್ರಂಪ್ ಹೇರಿದ್ದ ಪ್ರಯಾಣ ನಿರ್ಬಂಧವನ್ನು 2018ರಲ್ಲಿ 5–4ರಿಂದ ಎತ್ತಿಹಿಡಿದ ಸುಪ್ರೀಂ ಕೋರ್ಟ್ ಆ ಅಧಿಕಾರವನ್ನು ವಿಶಾಲವಾಗಿಯೇ ಓದಿದೆ. ಇಲ್ಲಿ ಪೌರತ್ವ ಪಡೆದು ಮತ ಹಾಕುವ ಕನ್ನಡಿಗರು ತಮ್ಮ ಪ್ರತಿನಿಧಿಗಳಿಗೆ ಪತ್ರ ಬರೆಯುವಾಗ, ಶುಲ್ಕ ಇಳಿಸಿ ಎಂದಷ್ಟೇ ಕೇಳುವ ಬದಲು, ಆ ಕಾಯ್ದೆಯಡಿ ಹೊರಡುವ ಪ್ರತಿ ಘೋಷಣೆಯೂ ನಿಗದಿತ ದಿನಗಳೊಳಗೆ ಕಾಂಗ್ರೆಸ್ಸಿನ ಒಪ್ಪಿಗೆ ಪಡೆಯಬೇಕೆಂಬ ತಿದ್ದುಪಡಿಯನ್ನು ಕೇಳಬೇಕು.