ಕ್ಯಾರಲ್‌ಗಳಿಗೆ ನಿದ್ದೆ ಮಾತ್ರೆ ಕೊಟ್ಟವರು ಯಾರು?

ಈಗಷ್ಟೇ ಒಂದು ಕ್ಯಾರಲ್ ಆಲ್ಬಂ, ಅಂದರೆ ಕ್ರಿಸ್ಮಸ್ ಹಾಡುಗಳದ್ದು, ಪೂರ್ತಿ ಕೇಳಿ ಮುಗಿಸಿದೆ. ಮೈಯೆಲ್ಲ ಉರಿಯುತ್ತಿದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ನಾನು ಜಾಸ್ತಿ ಸಭ್ಯಳಾಗಿಬಿಡುತ್ತೇನೆ, ಅದು ನಿಮಗೂ ಗೊತ್ತು.

ತಂಡದ ಹೆಸರು ಹೇಳುವುದಿಲ್ಲ. ಇನ್‌ಬಾಕ್ಸ್‌ಗೆ ಬಂದು ಕೇಳಿದರೂ ಹೇಳುವುದಿಲ್ಲ. ಹಾಡುಗಾರರು ಒಳ್ಳೆಯವರೇ. ಶ್ರುತಿ ಕೂದಲೆಳೆಯಷ್ಟೂ ಅಲುಗಿಲ್ಲ. ಸೊಪ್ರಾನೊದಿಂದ ಆಲ್ಟೋ, ಟೆನರ್, ಬಾಸ್‌ವರೆಗೆ, ಮೇಲಿನಿಂದ ಕೆಳಗಿನ ತನಕ ನಾಲ್ಕೂ ದನಿಗಳು ಹದವಾಗಿ ಬೆರೆತಿವೆ. ಮುಖಪುಟದಲ್ಲಿ ಹಿಮ, ಮೇಣದಬತ್ತಿ, ‘ಸಾಂಪ್ರದಾಯಿಕ ಕ್ಯಾರಲ್‌ಗಳು’ ಅನ್ನುವ ಬಂಗಾರದ ಅಕ್ಷರ. ಎಲ್ಲ ಸರಿ. ಆದರೆ ಮೊದಲ ಹಾಡಿನಿಂದ ಕೊನೆಯದರವರೆಗೆ ಒಂದೇ ನಿಧಾನ, ಒಂದೇ ಮೆಲುದನಿ, ಒಂದೇ ಗುಂಯ್‌ಗುಡುವ ರಿವರ್ಬ್ (ರೆಕಾರ್ಡಿಂಗ್‌ಗೆ ಸೇರಿಸುವ ಪ್ರತಿಧ್ವನಿ). ಹಾಡು ಬದಲಾಯಿತಾ ಅಂತ ತಿಳಿಯಲು ಫೋನ್ ನೋಡಬೇಕಾಯಿತು. ಪ್ರತಿಯೊಂದು ಕ್ಯಾರಲ್‌ಗೂ ಒಂದೊಂದು ನಿದ್ದೆ ಮಾತ್ರೆ ನುಂಗಿಸಿ ಮೈಕ್ ಮುಂದೆ ನಿಲ್ಲಿಸಿದ ಹಾಗಿದೆ.

ಇವು ಮಲಗಿಸುವ ಹಾಡುಗಳಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಮಧ್ಯಯುಗದಲ್ಲಿ ಜನ ಕೈ ಕೈ ಹಿಡಿದು ಸುತ್ತುತ್ತಾ, ಕುಣಿಯುತ್ತಾ ಹಾಡುತ್ತಿದ್ದ ಹಾಡುಗಳ ವಂಶ ಇದು. ‘ಡಿಂಗ್ ಡಾಂಗ್ ಮೆರಿಲಿ ಆನ್ ಹೈ’ ತೆಗೆದುಕೊಳ್ಳಿ. ಅದರ ರಾಗ 1589ರಲ್ಲಿ ಫ್ರಾನ್ಸ್‌ನಲ್ಲಿ ಅಚ್ಚಾದ ಒಂದು ನೃತ್ಯದ ಪುಸ್ತಕದ್ದು. ಕುಣಿತ ಕಲಿಸುವ ಪುಸ್ತಕ ಸ್ವಾಮಿ, ಕಾಲು ಎಲ್ಲಿಡಬೇಕು, ಯಾವಾಗ ಎತ್ತಬೇಕು ಅಂತ ಹೇಳಿಕೊಡುವಂಥದ್ದು. ಇಂಗ್ಲಿಷ್ ಸಾಹಿತ್ಯ ಅದಕ್ಕೆ ಸೇರಿದ್ದು 20ನೇ ಶತಮಾನದಲ್ಲಿ. ಆ ಹಾಡಿನಲ್ಲಿ ‘ಗ್ಲೋರಿಯಾ’ ಅನ್ನುವ ಒಂದೇ ಪದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಹೋಗುತ್ತದೆ. ಸರಿಯಾದ ವೇಗದಲ್ಲಿ ಒಂದು ಉಸಿರಿಗೆ ದಕ್ಕುತ್ತದೆ, ದಕ್ಕಿದಾಗ ಹಾಡುವವರಿಗೇ ನಗು ಬರುತ್ತದೆ. ಈ ಆಲ್ಬಂನಲ್ಲಿ ಅದು ಎಷ್ಟು ನಿಧಾನವೆಂದರೆ, ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಎಳೆದು ಹಿಡಿದಿದ್ದಾರೆ. ಗಮನವಿಟ್ಟು ಕೇಳಿದರೆ ಆ ಹೊಂದಾಣಿಕೆ ಗೊತ್ತಾಗುತ್ತದೆ. ಕುಣಿತದ ಹಾಡಿಗೆ ಆಮ್ಲಜನಕ ಕೊಡುವ ಪರಿಸ್ಥಿತಿ!

‘ಸೈಲೆಂಟ್ ನೈಟ್’ ಆದರೂ ನಿಧಾನದ್ದೇ ಅಲ್ವಾ ಅಂತೀರಿ. ಅಲ್ಲ. 1818ರ ಕ್ರಿಸ್ಮಸ್ ಹಿಂದಿನ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಅದನ್ನು ಮೊದಲು ಹಾಡಿದ್ದು ಇಬ್ಬರು, ಜೊತೆಗೆ ಒಂದು ಗಿಟಾರ್. ಮಾತು ಪಾದ್ರಿ ಜೋಸೆಫ್ ಮೋರ್ ಅವರದ್ದು, ರಾಗ ಫ್ರಾನ್ಜ್ ಗ್ರೂಬರ್ ಅವರದ್ದು. (ಆರ್ಗನ್ನಿನ ತಿದಿಯನ್ನು ಇಲಿ ಕಡಿದ ಕಥೆ ಆಮೇಲೆ ಹುಟ್ಟಿದ್ದು, ದಯವಿಟ್ಟು ಕಮೆಂಟ್‌ನಲ್ಲಿ ಹಾಕಬೇಡಿ.) ಆ ರಾಗಕ್ಕೆ ತೊಟ್ಟಿಲಿನ ತೂಗು ಇದೆ. ತೊಟ್ಟಿಲು ನಿಂತರೆ ಮಗು ಎದ್ದು ಅಳುತ್ತದೆ, ತಾಯಂದಿರನ್ನು ಕೇಳಿ. ಇಲ್ಲಿ ತೊಟ್ಟಿಲು ನಿಂತೇಬಿಟ್ಟಿದೆ.

ಇದೆಲ್ಲ ಹೇಗೋ ನುಂಗಿಕೊಂಡೆ. ‘ಕೋವೆಂಟ್ರಿ ಕ್ಯಾರಲ್’ ಬಂದಾಗ ಆಗಲಿಲ್ಲ.

ಅದು 16ನೇ ಶತಮಾನದ್ದು. ಇಂಗ್ಲೆಂಡಿನ ಕೋವೆಂಟ್ರಿ ಊರಿನಲ್ಲಿ ಬಟ್ಟೆ ಕೆಲಸದವರು ಮತ್ತು ದರ್ಜಿಗಳ ಸಂಘ ಆಡುತ್ತಿದ್ದ ಬೈಬಲ್ ಕಥೆಯ ನಾಟಕದ ಹಾಡು. ಬೆತ್ಲೆಹೇಮಿನ ಗಂಡು ಕೂಸುಗಳನ್ನೆಲ್ಲ ಕೊಲ್ಲಿ ಅಂತ ಹೆರೋದ ರಾಜ ಅಪ್ಪಣೆ ಕೊಟ್ಟಿದ್ದಾನೆ. ಸೈನಿಕರು ಬರುತ್ತಿದ್ದಾರೆ. ಅಮ್ಮಂದಿರು ಮಕ್ಕಳ ಬಾಯಿ ಮುಚ್ಚಿಸಲು ಜೋಗುಳ ಹಾಡುತ್ತಾರೆ. ಸದ್ದು ಬಂದರೆ ಮಗು ಹೋಯಿತು. ಹಳೆಯ ಮೂರು ದನಿಯ ರೂಪದಲ್ಲಿ ಪಲ್ಲವಿಯ ಹತ್ತಿರ ಒಂದು ಜಾಗವಿದೆ. ಒಂದೇ ಸ್ವರದ ಏರಿಸಿದ ರೂಪವೂ ಇಳಿಸಿದ ರೂಪವೂ ಅಕ್ಕಪಕ್ಕ ಬಂದು ಉಜ್ಜಿಕೊಳ್ಳುತ್ತವೆ. ಕಿವಿಗೆ ಚುಚ್ಚುತ್ತದೆ, ಚುಚ್ಚಲೇಬೇಕು. ಈ ಹಾಡಿನ ಮೂಲ ಹಸ್ತಪ್ರತಿ 1879ರಲ್ಲಿ ಬರ್ಮಿಂಗ್‌ಹ್ಯಾಮ್ ಗ್ರಂಥಾಲಯದ ಬೆಂಕಿಯಲ್ಲಿ ಸುಟ್ಟುಹೋಯಿತು. ಅಷ್ಟರೊಳಗೆ ಯಾರೋ ಪುಣ್ಯಾತ್ಮರು ನಕಲು ಮಾಡಿ ಅಚ್ಚು ಹಾಕಿಸಿದ್ದರಿಂದ ಉಳಿಯಿತು. 1940ರ ನವೆಂಬರ್‌ನಲ್ಲಿ ಕೋವೆಂಟ್ರಿ ಮೇಲೆ ಬಾಂಬ್ ಬಿತ್ತು. ಆ ವರ್ಷದ ಕ್ರಿಸ್ಮಸ್ಸಿಗೆ ಮುರಿದ ಕೆಥೆಡ್ರಲ್‌ನ ಗೋಡೆಗಳ ನಡುವೆ ನಿಂತು ಹಾಡಿದ್ದನ್ನು ರೇಡಿಯೋ ಜಗತ್ತಿಗೆಲ್ಲ ಕೇಳಿಸಿತು.

ಬೆಂಕಿಯಿಂದ ಪಾರಾಗಿ, ಬಾಂಬ್ ದಾಟಿ ಬಂದ ಆ ಉಜ್ಜಾಟವನ್ನು ಈ ತಂಡದ ಅರೇಂಜರ್, ಅಂದರೆ ಹಾಡುಗಳಿಗೆ ದನಿ ಹಂಚಿ ಹೊಂದಿಸಿದ ಮಹಾಶಯರು, ತೆಗೆದುಹಾಕಿದ್ದಾರೆ. ನುಣುಪಾದ, ಯಾರಿಗೂ ನೋಯದ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಇಟ್ಟಿದ್ದಾರೆ. ಹಿಂದೆ ಹಾರ್ಪ್ ಬೇರೆ, ಬೆರಳಿನಿಂದ ಮೀಟುವ ಆ ಮೆದು ತಂತಿವಾದ್ಯ! ಮಕ್ಕಳನ್ನು ಕೊಲ್ಲುವ ಹಾಡಿಗೆ ಹಾರ್ಪ್.

ಒಂದು ವರ್ಷ ನಾನು ಹಾಡುವ ಕಾಯಿರ್‌ನಲ್ಲಿ (ಗುಂಪಾಗಿ ಹಾಡುವ ತಂಡ) ಈ ಹಾಡಿನ ಮಧ್ಯೆ ಸಾಲಿನಿಂದ ಇಳಿದು ಹೊರಗೆ ಹೋಗಿದ್ದೆ. ನಮ್ಮ ಮಗು ಉಳಿಯದ ವರ್ಷ ಅದು. ಹತ್ತಿರದವರಿಗೆ ಗೊತ್ತು, ಉಳಿದವರಿಗೆ ಇಷ್ಟು ಸಾಕು. ಅವತ್ತು ಪಕ್ಕದ ಆಲ್ಟೋಗಳು ಆ ಸ್ವರವನ್ನು ಬಿಡದೆ ಹಿಡಿದರು. ಬಾಗಿಲಾಚೆಯಿಂದ ಕೇಳಿಸಿಕೊಂಡೆ. ಅದು ನುಣುಪಾಗಿದ್ದರೆ ನಾನು ಮತ್ತೆ ಆ ತಂಡಕ್ಕೆ ಕಾಲಿಡುತ್ತಿರಲಿಲ್ಲ.

ಸರಿ, ಮುಂದಕ್ಕೆ.

‘ಜನಕ್ಕೆ ಡಿಸೆಂಬರ್‌ನಲ್ಲಿ ಶಾಂತಿ ಬೇಕು, ಕೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಿಕೊಳ್ಳುತ್ತಾರೆ, ನಿನಗೇನು ಕಷ್ಟ’ ಅಂತ ಒಬ್ಬ ಗೆಳೆಯ ಈಗಾಗಲೇ ಕೇಳಿದ್ದಾನೆ. ಹಿನ್ನೆಲೆಗೆ ಬೇಕಿದ್ದರೆ ಫ್ಯಾನ್ ಹಾಕಿಕೋ ಮಾರಾಯಾ. ಅವನ ಇನ್ನೊಂದು ಮಾತು, ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನ ಕಾಯಿರ್‌ನವರೂ ಹೀಗೇ ಮೆತ್ತಗೆ ಹಾಡುತ್ತಾರಲ್ಲ ಅಂತ. ಇದಕ್ಕೆ ಮಾತ್ರ ನಿಂತು ಉತ್ತರ ಕೊಡುತ್ತೇನೆ.

ಅಲ್ಲಿಯ ಕ್ರಿಸ್ಮಸ್ ಆರಾಧನೆ ಶುರುವಾದದ್ದು 1918ರಲ್ಲಿ, ಮಹಾಯುದ್ಧ ನಿಂತ ಕೆಲವೇ ವಾರಗಳಿಗೆ. ಶುರು ಮಾಡಿದ ಎರಿಕ್ ಮಿಲ್ನರ್-ವೈಟ್ ಸೇನೆಯಲ್ಲಿ ಪಾದ್ರಿಯಾಗಿದ್ದು ಬಂದವರು. ಒಬ್ಬನೇ ಹುಡುಗ ವಾದ್ಯವಿಲ್ಲದೆ ಮೊದಲ ಚರಣ ಎತ್ತುತ್ತಾನೆ, ಹೌದು, ಮೆತ್ತಗೇ. ಅದು ಆರಂಭ ಕಣೋ. ಹಾಗೆ ಶುರುವಾದದ್ದು ಎಲ್ಲಿಗೆ ಮುಟ್ಟುತ್ತದೆ ನೋಡು. ‘ಓ ಕಮ್ ಆಲ್ ಯೀ ಫೇತ್‌ಫುಲ್’ನ ಕೊನೆಯ ಚರಣಕ್ಕೆ ಅಲ್ಲಿಯ ಕಾಯಿರ್ ನಡೆಸುತ್ತಿದ್ದ ಡೇವಿಡ್ ವಿಲ್‌ಕಾಕ್ಸ್ ಬರೆದ ಆರ್ಗನ್ ಭಾಗದಲ್ಲಿ ಒಂದು ಕಾರ್ಡ್ ಇದೆ. ‘ವರ್ಡ್’ ಅನ್ನುವ ಪದದ ಮೇಲೆ ಬೀಳುತ್ತದೆ. ಕಾಯಿರ್‌ನಲ್ಲಿ ಹಾಡಿದವರು ವರ್ಷವಿಡೀ ಅದಕ್ಕೇ ಕಾಯುತ್ತಾರೆ. ನೆಲ ಒಂದು ಕ್ಷಣ ಜಾರಿದ ಹಾಗಾಗುತ್ತದೆ. ಆರ್ಗನ್ನಿನಲ್ಲಿ ಕಾಲಿನಿಂದ ನುಡಿಸುವ ಪೆಡಲ್ ಸ್ವರ ಬೆಂಚಿನ ಮರದಲ್ಲಿ ನಡುಗುತ್ತದೆ, ಮೇಲೆ ಗಂಟಲು ಹರಿಯುವ ಹಾಗೆ ಎಲ್ಲರೂ ಹಾಡುತ್ತಿರುತ್ತಾರೆ. ಈ ಆಲ್ಬಂನಲ್ಲಿ ಆ ಚರಣವೂ ಪಿಸುಗುಟ್ಟುತ್ತದೆ. ಎಲ್ಲರೂ ಬನ್ನಿ ಅಂತ ಕೂಗಿ ಕರೆಯುವ ಹಾಡನ್ನು, ಪಕ್ಕದ ಕೋಣೆಗೂ ಕೇಳಿಸದ ಹಾಗೆ!

1647ರಲ್ಲಿ ಇಂಗ್ಲೆಂಡಿನ ಪ್ಯೂರಿಟನ್ನರ (ಕಟ್ಟುನಿಟ್ಟಿನ ಪ್ರೊಟೆಸ್ಟಂಟರ) ಪಾರ್ಲಿಮೆಂಟು ಕ್ರಿಸ್ಮಸ್ ಹಬ್ಬವನ್ನೇ ರದ್ದು ಮಾಡಿತ್ತು. ಅವರದ್ದು ನೇರ ಮಾರ್ಗ, ಕಾನೂನು ಮಾಡಿದರು. ಗದ್ದಲದ ಹಾಡು ಅವರಿಗೂ ಆಗುತ್ತಿರಲಿಲ್ಲ, ಈ ಆಲ್ಬಂನವರಿಗೂ ಆಗುವುದಿಲ್ಲ. ಇವರು ರಿವರ್ಬ್ ಹಾಕಿದರು, ಅಷ್ಟೇ ವ್ಯತ್ಯಾಸ.

ನ್ಯಾಯವಾಗಿ ಹೇಳುವುದಾದರೆ ಒಂದು ಹಾಡು ಬದುಕಿದೆ. ‘ಸಸೆಕ್ಸ್ ಕ್ಯಾರಲ್’. ಇಂಗ್ಲಿಷ್ ಸಂಗೀತ ರಚನಕಾರ ವಾನ್ ವಿಲಿಯಮ್ಸ್ ಅವರು 1904ರಲ್ಲಿ ಸಸೆಕ್ಸಿನ ಒಂದು ಹಳ್ಳಿಯಲ್ಲಿ ಹ್ಯಾರಿಯಟ್ ವೆರಾಲ್ ಅನ್ನುವ ಹೆಂಗಸು ಹಾಡಿದ್ದನ್ನು ಕೇಳಿ ಬರೆದುಕೊಂಡ ರಾಗ. ಅದರ ನಡೆಯೇ ಹಾಗಿದೆ, ಎಷ್ಟು ಒತ್ತಿ ಹಿಡಿದರೂ ಚಿಮ್ಮುತ್ತದೆ. ಮೂರನೇ ಚರಣದಲ್ಲಿ ಬಾಸ್ ದನಿಯವರು ಒಂದು ಎಳೆಯಷ್ಟು ಮುಂದೆ ಓಡುತ್ತಾರೆ, ಟೆನರ್‌ಗಳು ಹಿಂದೆಯೇ ಓಡಿ ಸೇರಿಕೊಳ್ಳುತ್ತಾರೆ. ರೆಕಾರ್ಡಿಂಗ್ ಎಂಜಿನಿಯರ್ ಆ ಹೊತ್ತಿಗೆ ಟೀ ಕುಡಿಯಲು ಹೋಗಿರಬೇಕು, ಇಲ್ಲದಿದ್ದರೆ ಸರಿ ಮಾಡಿಬಿಡುತ್ತಿದ್ದರು. ಆಲ್ಬಂ ಪುಸ್ತಿಕೆಯಲ್ಲಿ ಆ ಹೆಂಗಸಿನ ಹೆಸರಿಲ್ಲ, ಸುಮ್ನೆ ‘ಸಾಂಪ್ರದಾಯಿಕ’ ಅಂತಿದೆ. ಅರೇಂಜರ್ ಹೆಸರು ಮಾತ್ರ ಪ್ರತಿ ಹಾಡಿನ ಕೆಳಗೂ ದಪ್ಪಕ್ಷರದಲ್ಲಿದೆ. ಅದರ ಬಗ್ಗೆ ಶುರು ಮಾಡಿದರೆ ಇನ್ನೊಂದು ಪೋಸ್ಟ್ ಆಗುತ್ತದೆ.

ನಿಮಗೆ ನಿಜವಾಗಿ ಸಾಂಪ್ರದಾಯಿಕ ಬೇಕಾ? ಇಂಗ್ಲೆಂಡಿನ ಶೆಫೀಲ್ಡ್ ಸುತ್ತಲ ಹಳ್ಳಿಗಳ ಪಬ್ಬುಗಳಲ್ಲಿ ನವೆಂಬರ್‌ನಿಂದಲೇ ಹಾಡುವ ಕ್ಯಾರಲ್‌ಗಳ ರೆಕಾರ್ಡಿಂಗ್ ಹುಡುಕಿ. ಕುರುಬರು ರಾತ್ರಿ ಕುರಿ ಕಾಯುವ ‘ವೈಲ್ ಶೆಫರ್ಡ್ಸ್ ವಾಚ್ಡ್’ ಅನ್ನುವ ಆ ಒಂದೇ ಹಾಡಿಗೆ ಅಲ್ಲಿ ಹಲವು ರಾಗಗಳಿವೆ. ಕ್ಯಾಂಟರ್‌ಬರಿಯ ಥಾಮಸ್ ಕ್ಲಾರ್ಕ್ ಅನ್ನುವ ಚಮ್ಮಾರ ಕಟ್ಟಿದ ‘ಕ್ರ್ಯಾನ್‌ಬ್ರೂಕ್’ ರಾಗಕ್ಕೂ ಅದೇ ಮಾತನ್ನು ಹಾಡುತ್ತಾರೆ. ಹೆಂಗಸರು ಎತ್ತಿದ ಸಾಲನ್ನು ಗಂಡಸರು ನಡುವೆಯೇ ಕಿತ್ತುಕೊಳ್ಳುತ್ತಾರೆ. ಶ್ರುತಿ ಅಷ್ಟಕ್ಕಷ್ಟೆ. ಗ್ಲಾಸುಗಳ ಸದ್ದಿದೆ, ಕೆಮ್ಮಿದೆ, ಯಾರೋ ಒಬ್ಬ ಒಂದು ಸಾಲು ಬೇಗ ಶುರು ಮಾಡುತ್ತಾನೆ. ಯಾರೂ ಅವನನ್ನು ಎಡಿಟ್ ಮಾಡಿ ತೆಗೆಯುವುದಿಲ್ಲ.

ಲಿಂಕ್ ಸಿಕ್ಕಿದವರು ಕಮೆಂಟ್‌ನಲ್ಲಿ ಹಾಕಿ. ಹಾರ್ಪ್ ಇದ್ದರೆ ಬೇಡ.