ಬಿಟ್ಟರೂ ನಡೀತದ ಅನ್ನೋದು ಮೊದಲ ಸಾಲಿನ್ಯಾಗೇ ಕಾಣಲಿ

ತೊಗರಿ ಇಳುವರಿ ಲೆಕ್ಕದ ಒಂದು ಆರ್ (ಅಂಕಿಅಂಶ ಲೆಕ್ಕದ ಪ್ರೋಗ್ರಾಮಿಂಗ್ ಭಾಷೆ) ಸ್ಕ್ರಿಪ್ಟ್ ಈಗಷ್ಟೇ ನೋಡಿದೆ, ಸಿಟ್ಟು ಇಳೀವಲ್ದು. ಆಳಂದ, ಸೇಡಂ, ಚಿಂಚೋಳಿ ಇಳುವರಿಯ ಸರಾಸರಿ ತೆಗಿಯೋ ಫಂಕ್ಷನ್. ಆರ್ಗ್ಯುಮೆಂಟ್ (ಫಂಕ್ಷನ್ನಿಗೆ ಕೊಡೋ ಮಾಹಿತಿ) ಎರಡು: ಇಳುವರಿ, ತೂಕ (ಬಿತ್ತನೆ ಕ್ಷೇತ್ರ). ಎರಡಕ್ಕೂ ಡೀಫಾಲ್ಟ್ (ಕೊಡದಿದ್ರ ತಾನೇ ಹಿಡಿಯೋ ಮೌಲ್ಯ) ಇಲ್ಲ. ಓದಿದವರು ಎರಡೂ ಕೊಡಲೇಬೇಕು ಅಂತ ತಿಳ್ಕೊತಾರ. ಕೆಳಗ ಎಲ್ಲೋ ಹುದುಗಿ ಕೂತದ ನೋಡ್ರಿ ಮಿಸ್ಸಿಂಗ್(ತೂಕ), ಅಂದ್ರ ತೂಕ ಕೊಟ್ಟಿಲ್ಲೇನು ಅಂತ ಕೇಳೋ ಒಂದು ಇಫ್! ತೂಕ ಬೇಕೇ ಇರಲಿಲ್ಲ. ಇದನ್ನ ಯಾಕ ಮುಚ್ಚಿಡಬೇಕು?

ಮುಚ್ಚಿಟ್ಟರ ಏನಾಗ್ತದ ಅಂದ್ರ, ಯಾರೋ ತೂಕವನ್ನ ಸೆಟ್ಟಿಂಗ್ ಲಿಸ್ಟಿನಿಂದ ಡಾಲರ್ ಚಿಹ್ನೆ ಹಾಕಿ ತೆಗೆದು ಕೊಡ್ತಾರ. ಲಿಸ್ಟಿನ್ಯಾಗ ಆ ಹೆಸರಿಲ್ಲ, ಹಂಗಾಗಿ ನಲ್ (ಏನೂ ಇಲ್ಲ ಅನ್ನೋ ಗುರುತು) ಬರ್ತದ. ಮಿಸ್ಸಿಂಗ್ ಮಾತ್ರ ಫಾಲ್ಸ್ ಅಂತದ, ಯಾಕಂದ್ರ ನಲ್ ಕೊಟ್ಟರೂ ಕೊಟ್ಟಂಗೇ. ಇಳುವರಿಗೆ ನಲ್ ಗುಣಿಸಿದ್ರ ಖಾಲಿ ವೆಕ್ಟರ್ (ಸಂಖ್ಯೆಗಳ ಸಾಲು), ಅದರ ಮೊತ್ತ 0. ನಲ್‌ನ ಮೊತ್ತನೂ 0. ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿ ಎನ್‌ಎಎನ್ (ಸಂಖ್ಯೆಯೇ ಅಲ್ಲ ಅನ್ನೋ ಉತ್ತರ) ಕೈಗೆ ಕೊಡ್ತದ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಮೊದಲ ಸಾಲಿನ್ಯಾಗ ತೂಕ = ನಲ್ ಅಂತ ಬರೀರಿ. ಒಳಗ ಹೊಕ್ಕ ಕೂಡಲೇ ಈಸ್.ನಲ್(ತೂಕ) ನೋಡಿ, ನಲ್ ಇದ್ರ ಎಲ್ಲಾ ತಾಲೂಕಿಗೂ 1 ಹಾಕ್ರಿ. ನಲ್ ಅಲ್ಲ ಅಂದ್ರ ಉದ್ದ ಇಳುವರಿಯಷ್ಟೇ ಅದನೋ ಇಲ್ಲೋ ನೋಡಿ, ಇಲ್ಲದಿದ್ರ ಸ್ಟಾಪ್ ಹಾಕಿ ಎರರ್ ಕೊಡ್ರಿ. ಮೂರೇ ಸಾಲಿನ ಕೆಲಸ!

"ಆರ್‌ನ ಸ್ವಂತ ಸ್ಯಾಂಪಲ್ ಫಂಕ್ಷನ್ನೇ ಮಿಸ್ಸಿಂಗ್ ಬಳಸ್ತದಲ್ಲ" ಅಂತೀರಿ. ಹೌದು, ಚೀಟಿ ಎತ್ತಿದಂಗ ಆರಿಸಿ ಕೊಡೋ ಆ ಫಂಕ್ಷನ್ ಬಳಸ್ತದ. ಅದರ ಸೈಜ್ (ಎಷ್ಟು ಆರಿಸಬೇಕು) ಕಡ್ಡಾಯ ಅನ್ನೋಹಂಗೇ ಕಾಣ್ತದ, ಬಿಟ್ಟರೂ ಓಡ್ತದ; ಬಾಜೂಕ ಪ್ರಾಬ್ (ಆರಿಸೋ ಸಂಭವ) = ನಲ್ ಅಂತ ಸ್ವಚ್ಛ ಬರದಾರ. ಒಂದೇ ಸಾಲಿನ್ಯಾಗ ಎರಡೂ ರೀತಿ ಅವ. ಕಲಿಯೋದಾದ್ರ ಪ್ರಾಬ್ ನೋಡಿ ಕಲೀರಿ.

ಎರಡು ಮೂರು ಆಯ್ಕೆ ಇದ್ದಲ್ಲಿ ವಿಧಾನ = ಸಿ("ಮೀನ್", "ಮೀಡಿಯನ್") ಅಂತ ಇಟ್ಟು ಮ್ಯಾಚ್.ಆರ್ಗ್ ಕರೀರಿ. ಬಿಟ್ಟರ ಮೊದಲನೇದು, ತಪ್ಪು ಹೆಸರಿಗೆ ಎರರ್. ಮ್ಯಾಚ್.ಆರ್ಗ್ ಮರೆತು ಇಫ್ ಒಳಗ ಹೋಲಿಸಿದ್ರ, ವಿಧಾನ ಕೊಡದೇ ಕರೆದಾಗ ಎರಡು ಉತ್ತರ ಬರ್ತಾವ. ಆರ್ 4.2.0ರಿಂದ ಅದು ನೇರ ಎರರ್. ಒಳ್ಳೇದೇ ಆಯ್ತು.

ಎಲ್ಲಕ್ಕಿಂತ ಹೆದರಬೇಕಾದ್ದು ಮೂರು ಚುಕ್ಕಿಗೆ (ಹೆಸರಿಡದ ಆರ್ಗ್ಯುಮೆಂಟ್ ಎಷ್ಟು ಬಂದರೂ ಒಳಗ ಬಿಟ್ಕೊಳ್ಳೋ ಗುರುತು). ಸಮ್ ಫಂಕ್ಷನ್ನಿಗೆ 10, 20 ಮಿ.ಮೀ. ಮಳೆ ಕೊಟ್ಟು, ಎನ್‌ಎ.ಆರ್‌ಎಂ (ಬಿಟ್ಟುಹೋದ ಅಂಕಿ ತೆಗಿ ಅನ್ನೋ ಆರ್ಗ್ಯುಮೆಂಟ್) ಬದಲು ಕೈತಪ್ಪಿ ಎನ್‌ಎ.ಆರ್‌ಎನ್ = ಟ್ರೂ ಅಂತ ಟೈಪ್ ಮಾಡ್ರಿ. ಉತ್ತರ 31! ಆ ಟ್ರೂ 1 ಆಗಿ ಮಳೆಯಾಗ ಕೂಡಿತು. ನಿಮ್ಮ ಫಂಕ್ಷನ್ನಿನ್ಯಾಗ ಮೂರು ಚುಕ್ಕಿ ಇಟ್ಟು, ಅದನ್ನ ಮುಂದ ಯಾವುದಕ್ಕೂ ದಾಟಿಸದಿದ್ರ, ಅದರಾಗ ಒಂದೇ ಒಂದು ಆರ್ಗ್ಯುಮೆಂಟ್ ಬಂದು ಕೂತರೂ ಸ್ಟಾಪ್ ಹಾಕ್ರಿ.