ಟಯರ್ ದೊಡ್ಡದಾಯಿತು, ಏರು ಉದ್ದವಾಯಿತು

ನಮ್ಮ ಭಾವನ ಗಾಡಿಯನ್ನು ಎದುರಿನಿಂದ ನೋಡಿದವರು ತಾವಾಗಿಯೇ ದಾರಿ ಬಿಡುತ್ತಾರೆ. ಹಿಂದಿನಿಂದ ಬರುವವರಿಗೆ ಅಂಥ ಭಯವೇನಿಲ್ಲ. ಏರು ಸಿಕ್ಕ ತಕ್ಷಣ ಹಾರ್ನ್ ಹೊಡೆದು ಮುಂದೆ ಹೋಗಿಬಿಡುತ್ತಾರೆ.

ಇದು ಫೋರ್ ವೀಲ್ ಡ್ರೈವ್ ಡೀಸೆಲ್ ಗಾಡಿ. ಕೊಂಡಾಗ ಸಾಧುವಾಗಿತ್ತು. ಕಂಪನಿ ಕೊಟ್ಟ 28 ಇಂಚಿನ ಟಯರ್, ಬೇಕಾದಷ್ಟು ಎಳೆತ, ಯಾರದ್ದೂ ತಕರಾರಿಲ್ಲ. ಆಮೇಲೆ ಭಾವ ಅದನ್ನು ಎತ್ತರಿಸಿ 33 ಇಂಚಿನ ಮಡ್ ಟಯರ್ ಹಾಕಿಸಿದರು. ಮುಂದೆ ಉಕ್ಕಿನ ಬಂಪರ್, ಬಂಪರಿಗೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ರಾಟೆ), ನೆತ್ತಿಯ ಮೇಲೆ ಕ್ಯಾರಿಯರ್, ಅದರಲ್ಲಿ ಇನ್ನೊಂದು ಸ್ಟೆಪ್ನಿ, ಉದ್ದನೆಯ ಜ್ಯಾಕ್, ಡೀಸೆಲ್ ಕ್ಯಾನ್, ಸಲಿಕೆ. ಆ ಸಲಿಕೆಯಿಂದ ಈವರೆಗೆ ಒಂದು ಬೊಗಸೆ ಮಣ್ಣನ್ನೂ ಯಾರೂ ಅಗೆದಿಲ್ಲ. ಎಲ್ಲ ಸೇರಿ 200 ಕಿಲೋಗೆ ಏನೂ ಕಮ್ಮಿ ಇರಲಾರದು. ಇಷ್ಟೆಲ್ಲ ಹೊರಿಸಿದ ಮೇಲೆ ಒಂದು ದಿನ ಭಾವ ಗಂಭೀರವಾಗಿ ಹೇಳಿದರು: "ಗಾಡಿ ಯಾಕೋ ಎಳೀತಿಲ್ಲ ಕಣೋ. ಎಂಜಿನ್‌ಗೆ ಪವರ್ ಸಾಲ್ತಿಲ್ಲ."

ಎರಡನೇ ಮಹಾಯುದ್ಧದಲ್ಲಿ ಮರಳು, ಕೆಸರು, ಹಿಮ ಎಲ್ಲ ದಾಟಿದ ವಿಲ್ಲೀಸ್ ಜೀಪಿಗೆ ಇದ್ದದ್ದು ಸುಮಾರು 60 ಹಾರ್ಸ್‌ಪವರ್. ಗಾಡಿಯ ತೂಕವೂ ಒಂದು ಟನ್ನಿನ ಆಸುಪಾಸು. ಇದನ್ನು ಭಾವನಿಗೆ ಹೇಳಿದೆ. "ಅದಕ್ಕೆ ವಿಂಚ್ ಇತ್ತಾ?" ಅಂತ ಕೇಳಿದರು.

ಮೊದಲು ಬದಲಾಗಿದ್ದು ಸೈಲೆನ್ಸರ್. ಹೊಗೆ ಸಲೀಸಾಗಿ ಹೊರಗೆ ಹೋದರೆ ಎಂಜಿನ್ ಹಗುರಾಗುತ್ತದೆ ಅನ್ನೋದು ಲೆಕ್ಕ. ಟರ್ಬೋ, ಅಂದರೆ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಪಂಪು, ಇರುವ ಗಾಡಿಯಲ್ಲಿ ಅದರಿಂದ ಸ್ವಲ್ಪ ಲಾಭ ಇಲ್ಲದೆಯೂ ಇಲ್ಲ. ನಮಗೆ ಸಿಕ್ಕಿದ ಲಾಭ ಏನೆಂದರೆ, ಭಾವ ತಿರುವಿನಲ್ಲಿ ಇರುವಾಗಲೇ ಅಕ್ಕ ಎದ್ದು ಗೇಟ್ ತೆಗೆಯಬಹುದು. ಪಕ್ಕದ ಮನೆಯ ಮಗು ಕೂಡ ಅದೇ ಹೊತ್ತಿಗೆ ಏಳುತ್ತದೆ.

ಆಮೇಲೆ ಸ್ನಾರ್ಕೆಲ್ ಬಂತು. ಬಾನೆಟ್ ಪಕ್ಕದಿಂದ ಹೊರಟು ಟಾಪಿನವರೆಗೆ ಏರುವ ಕೊಳವೆ. ಎಂಜಿನ್ ಉಸಿರಾಡುವ ಮೂಗನ್ನು ನೀರಿಗಿಂತ ಮೇಲೆ ಇಡುವುದೇ ಇದರ ಕೆಲಸ. ಸಿಲಿಂಡರಿಗೆ ಗಾಳಿ ಬದಲು ನೀರು ಹೊಕ್ಕರೆ ಪಿಸ್ಟನ್‌ಗೆ ಅದನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಹೊಳೆ ದಾಟುವವರಿಗೆ ಇದು ಬೇಕೇ ಬೇಕು. ನಾವು ದಾಟಿದ್ದು ಹೆಚ್ಚೆಂದರೆ ನಲ್ಲಿ ಪೈಪ್ ಒಡೆದ ರಸ್ತೆ. ಆ ಕೊಳವೆ ಪವರ್ ಕೊಡಲಿಲ್ಲ. ಆದರೆ ತಗ್ಗಿದ ಕೊಂಬೆಗಳ ಎಲೆಯನ್ನೆಲ್ಲ ಶ್ರದ್ಧೆಯಿಂದ ಸಂಗ್ರಹಿಸುತ್ತಾ ಬಂತು.

ಕೊನೆಗೆ ಇಸಿಯು ರೀಮ್ಯಾಪ್. ಅಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿ ಬರೆದದ್ದನ್ನು ತಿದ್ದಿ, ಟರ್ಬೋ ಜಾಸ್ತಿ ಗಾಳಿ ತಳ್ಳುವಂತೆ, ಇಂಜೆಕ್ಟರ್ ಜಾಸ್ತಿ ಡೀಸೆಲ್ ಸುರಿಯುವಂತೆ ಮಾಡುವುದು. ಇದರಲ್ಲಿ ನಿಜವಾಗಿಯೂ ಪವರ್ ಬರುತ್ತದೆ. ಬಂತು ಕೂಡ. ಹಿಂದೆ ಕಪ್ಪು ಹೊಗೆಯೂ ಬಂತು. ಭಾವ ಅದನ್ನು ಕನ್ನಡಿಯಲ್ಲಿ ನೋಡಿ ಖುಷಿಪಟ್ಟರು. ಅದು ಪೂರ್ತಿ ಉರಿಯದ ಡೀಸೆಲ್, ಅವರೇ ದುಡ್ಡು ಕೊಟ್ಟು ತುಂಬಿಸಿದ್ದು ಅನ್ನೋದನ್ನು ಆ ಹೊತ್ತಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಹೊಸ ಪವರ್ ತೋರಿಸಲೆಂದೇ ನನ್ನನ್ನು ಘಟ್ಟಕ್ಕೆ ಕರೆದುಕೊಂಡು ಹೋದರು. ಏರಿನಲ್ಲಿ ನಾಲ್ಕನೇ ಗೇರ್, ಆಕ್ಸಿಲರೇಟರ್ ಪೂರ್ತಿ ತುಳಿತ. ಎಂಜಿನ್ ಹೂಂಕರಿಸಿತು. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿತು. ಸ್ಪೀಡಿನ ಮುಳ್ಳು ಇದ್ದಲ್ಲೇ ಇತ್ತು, ಆಮೇಲೆ ಮೆಲ್ಲಗೆ ಇಳಿಯಿತು. ಒಳಗೆಲ್ಲ ಸುಟ್ಟ ವಾಸನೆ. "ಬ್ರೇಕ್ ಇರಬೇಕು," ಅಂದರು ಭಾವ. ಬ್ರೇಕ್ ಅಲ್ಲ, ಕ್ಲಚ್. ಕಂಪನಿ ಹಾಕಿದ ಕ್ಲಚ್ಚಿಗೆ ಕಂಪನಿ ಕೊಟ್ಟ ಟಾರ್ಕ್, ಅಂದರೆ ತಿರುಚುವ ಬಲ, ಮಾತ್ರ ಹಿಡಿದು ಗೊತ್ತು. ಜಾಸ್ತಿ ಬಂದರೆ ಅದು ಜಾರುತ್ತದೆ. ಅಷ್ಟರಲ್ಲಿ ಒಂದು ಪುಟ್ಟ ಕಾರು ನಮ್ಮನ್ನು ದಾಟಿ ಹೋಯಿತು. ಹಿಂದಿನ ಸೀಟಿನಿಂದ ಒಬ್ಬ ಹುಡುಗ ನಮ್ಮ ಟಯರುಗಳನ್ನು ಬೆರಗಿನಿಂದ ನೋಡಿ ಟಾಟಾ ಮಾಡಿದ.

ಕ್ಲಚ್ ಬದಲಿಸಿದ ಮೆಕ್ಯಾನಿಕ್ ಗಾಡಿಯ ಅಡಿಯಿಂದ ಜಾರಿಕೊಂಡು ಹೊರಬಂದು ಕೈ ಒರೆಸುತ್ತಾ ಹೇಳಿದ. "ಸಾರ್, ಎಂಜಿನ್‌ಗೆ ಏನೂ ಆಗಿಲ್ಲ, ಚೆನ್ನಾಗೇ ಇದೆ. ನೆಲ ತಳ್ಳೋ ಬಲದಲ್ಲಿ 15 ಪರ್ಸೆಂಟ್ ನಿಮ್ಮ ಟಯರೇ ತಿಂದುಬಿಟ್ಟಿದೆ." ಲೆಕ್ಕ ಸರಿಯಾಗಿತ್ತು. ಗಾಲಿ 28ರಿಂದ 33 ಇಂಚಿಗೆ ಹೋದರೆ ಆಕ್ಸಲ್ ಕೊಟ್ಟ ಅದೇ ತಿರುಚು ನೆಲಕ್ಕೆ ತಲುಪುವಷ್ಟರಲ್ಲಿ ಸೊರಗಿರುತ್ತದೆ. ಕಾಡುದಾರಿಯಲ್ಲಿ, ವೇಗ ಬಿಟ್ಟು ಬಲ ಕೊಡುವ ಲೋ ರೇಂಜ್ ಗೇರ್ ಮಾನ ಕಾಪಾಡುತ್ತದೆ, ಡಾಂಬರು ರಸ್ತೆಯ ಏರಿನಲ್ಲಿ ಅದನ್ನು ಹಾಕುವ ಹಾಗಿಲ್ಲ.

ಸ್ಪೀಡೋಮೀಟರಿಗೂ ಈ ವಿಷಯ ಯಾರೂ ತಿಳಿಸಿರಲಿಲ್ಲ. ಅದು 60 ತೋರಿಸುವಾಗ ಗಾಡಿ ಓಡುತ್ತಿದ್ದದ್ದು 70ರಲ್ಲಿ. "ನಿಧಾನಕ್ಕೇ ಹೋಗ್ತಿದ್ದೀನಲ್ಲ" ಅಂತ ಭಾವ ಇಷ್ಟು ದಿನ ಹೇಳಿದ್ದನ್ನೆಲ್ಲ ಅಕ್ಕ ಅಲ್ಲೇ ವಾಪಸ್ ತೆಗೆಸಿದಳು. ಕಿಲೋಮೀಟರೂ ಕಮ್ಮಿ ದಾಖಲಾಗುತ್ತಿತ್ತು, ಹಾಗಾಗಿ ಮೈಲೇಜ್ ನಾವಂದುಕೊಂಡಷ್ಟು ಹಾಳಾಗಿರಲಿಲ್ಲ. ಭಾವ ಹಿಡಿದುಕೊಂಡದ್ದು ಈ ಮಾತನ್ನು ಮಾತ್ರ.

ಮದ್ದು ಇದ್ದದ್ದು, ಎಂಜಿನ್ ಕಡೆಯಿಂದ ಬರುವ ಶಾಫ್ಟಿನ ತಿರುಗಾಟವನ್ನು ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್‌ನಲ್ಲಿ. ಅಲ್ಲಿ ಗಾಲಿಯ ಒಂದು ಸುತ್ತಿಗೆ ಶಾಫ್ಟ್ 4.10 ಸುತ್ತು ತಿರುಗಬೇಕಾದ ಕ್ರೌನ್-ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ ತೆಗೆದು 4.88ರದ್ದು ಹಾಕಬೇಕು. ಆಗ ಶಾಫ್ಟ್ ಜಾಸ್ತಿ ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ, ಎಳೆತ ಹಳೆಯ ಮಟ್ಟಕ್ಕೆ ಬರುತ್ತದೆ. "ಸದ್ಯಕ್ಕೆ ಹಿಂದಿನದು ಮಾತ್ರ ಮಾಡಿಸೋಣ, ಮುಂದಿನದು ಆಮೇಲೆ," ಅಂತ ಭಾವ ಚೌಕಾಸಿಗೆ ಇಳಿದರು. ಮೆಕ್ಯಾನಿಕ್ ನಕ್ಕ. ಮುಂದೊಂದು ಅನುಪಾತ, ಹಿಂದೊಂದು ಅನುಪಾತ ಇಟ್ಟು ಫೋರ್ ವೀಲ್ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ಯಾವುದಾದರೂ ಒಂದು ಮುರಿಯುವವರೆಗೆ ಎಳೆದಾಟ. ಎರಡನ್ನೂ ಮಾಡಿಸಿದ್ದಾಯಿತು. ರೀಮ್ಯಾಪ್ ತೆಗೆಸಿದ್ದಾಯಿತು.

ಈಗ ಗಾಡಿ ನಾಲ್ಕನೇ ಗೇರಿನಲ್ಲೇ ಏರು ಹತ್ತುತ್ತದೆ. ಎಂಜಿನ್‌ಗೆ ಒಂದು ಹಾರ್ಸ್‌ಪವರೂ ಹೊಸದಾಗಿ ಬಂದಿಲ್ಲ. ಆದರೆ ಯಾರು ಕೇಳಿದರೂ ಭಾವ ಬಾನೆಟ್ ತಟ್ಟಿ "ಎಂಜಿನ್ ಕೆಲಸ ಮಾಡಿಸಿದ್ದೀನಿ" ಅಂತಾರೆ. ಡಿಫರೆನ್ಷಿಯಲ್ ತೋರಿಸಬೇಕೆಂದರೆ ಬಂದವರನ್ನೆಲ್ಲ ಗಾಡಿಯಡಿ ಮಲಗಿಸಬೇಕಾಗುತ್ತದೆ, ಅಲ್ವಾ?